ನಂಜನಗೂಡಿಗೆ ಹೋದಾಗ ರಸಬಾಳೆ ತೋಟ ನೋಡಬಹುದಾ? ಹೋಗಿ ಬಂದವರು ಹೇಳಿ

ಚಾಮುಂಡಿಪುರಂ ಮಗಳು

ನಾನು ಮೈಸೂರಿನವಳೇ. ನಂಜನಗೂಡಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಹರಕೆ ಇದ್ದರೆ ಹೋಗುವುದು, ಮಕ್ಕಳ ಮುಡಿ ಕೊಡಿಸೋಕೆ ಹೋಗುವುದು, ದರ್ಶನ ಮುಗಿಸಿ ದಾಸೋಹದಲ್ಲಿ ಊಟ ಮಾಡಿ ಬಸ್ ಹತ್ತಿ ವಾಪಸ್ ಬರುವುದು. ಇಷ್ಟೇ. ಊರನ್ನು ಊರು ಅಂತ ನೋಡಿದ್ದೇ ಇಲ್ಲ.

ಹೋದ ತಿಂಗಳು ಮನೆಯಲ್ಲಿ ಪೂಜೆ ಇತ್ತು. ಅಮ್ಮ ರಸಾಯನಕ್ಕೆ ರಸಬಾಳೆಯೇ ಬೇಕು ಅಂದರು. ಇಲ್ಲೇ ಒಂದು ಅಂಗಡಿಯಲ್ಲಿ "ನಂಜನಗೂಡು ರಸಬಾಳೆ" ಅಂತ ಕೇಳಿ ತಂದೆ. ಅಮ್ಮ ಚಿಪ್ಪನ್ನು ಕೈಗೆ ತೆಗೆದುಕೊಂಡು ಒಂದೇ ಒಂದು ಹಣ್ಣಿನ ತುದಿ ಹಿಡಿದು ಮೇಲೆತ್ತಿದರು. ಇಡೀ ಚಿಪ್ಪು ಅದರ ಜೊತೆ ಮೇಲೆ ಬಂತು. "ಇದು ಅದಲ್ಲ" ಅಂತ ಕೆಳಗಿಟ್ಟರು. ಹಣ್ಣಾದ ರಸಬಾಳೆ ಚಿಪ್ಪಿಗೆ ಅಂಟಿಕೊಂಡು ಕೂರೋದಿಲ್ಲವಂತೆ. ಅವರ ತವರಲ್ಲಿ ಗೊನೆಯನ್ನು ಅಟ್ಟದ ತೊಲೆಗೆ ನೇತು ಹಾಕುತ್ತಿದ್ದರು, ರಾತ್ರಿ ಹೊತ್ತು ಹಣ್ಣು ತಾನಾಗೇ ಒಂದೊಂದೇ ಉದುರುವ ಸದ್ದು ಕೇಳುತ್ತಿತ್ತು, ಬೆಳಿಗ್ಗೆ ಮೊದಲು ಎದ್ದವರಿಗೆ ಅವು ಸಿಗುತ್ತಿದ್ದವು. ಈ ಮಾತನ್ನು ನನಗೆ ಇಷ್ಟು ವರ್ಷ ಹೇಳೇ ಇರಲಿಲ್ಲ!

ಹೋದ ಭಾನುವಾರ ಅಮ್ಮನನ್ನೇ ಕರೆದುಕೊಂಡು ನಂಜನಗೂಡಿಗೆ ಹೋದೆ. ದೇವಸ್ಥಾನ ಆದ ಮೇಲೆ ಹಣ್ಣಿನವರನ್ನು ಕೇಳಿದೆ, ಅವರು ಇನ್ನೊಬ್ಬರನ್ನು ತೋರಿಸಿದರು, ಆಟೋದವರು ಮತ್ತೊಬ್ಬರಿಗೆ ಫೋನ್ ಮಾಡಿದರು, ಕೊನೆಗೆ ಊರಾಚೆ ಒಂದು ಸಣ್ಣ ತೋಟ ಸಿಕ್ಕಿತು. ಸುತ್ತ ಕಬ್ಬು, ಪಚ್ಚಬಾಳೆ. ನಡುವೆ ಒಂದಷ್ಟು ಸಾಲು ಮಾತ್ರ ರಸಬಾಳೆ. ತೋಟದ ಯಜಮಾನರು ಹಣ್ಣು ಕೊಟ್ಟರು. ಸಿಪ್ಪೆ ಕಾಗದದಷ್ಟು ತೆಳು. ಒಳಗೆ ಬೆಳ್ಳಗೆ. ಸಿಹಿ, ಅದರ ಹಿಂದೆಯೇ ಒಂದು ಚೂರು ಹುಳಿ. ಅಮ್ಮ ಮಾತಾಡದೆ ಎರಡು ತಿಂದರು.

ಬರುವಾಗ ಅಮ್ಮ ಕೇಳಿದ್ದಕ್ಕೆ ಎರಡು ಕಂದು, ಅಂದರೆ ಬಾಳೆ ಬುಡದಲ್ಲಿ ಏಳುವ ಮರಿಗಿಡ, ಅಗೆದು ಕೊಟ್ಟರು. ಒಂದನ್ನು ಮನೆ ಹಿಂದೆ ನೆಡೋಣ, ಇನ್ನೊಂದನ್ನು ತಿ. ನರಸೀಪುರದ ಹತ್ತಿರ ಇರುವ ಅಣ್ಣನ ತೋಟಕ್ಕೆ ಕೊಡೋಣ ಅಂತಿದ್ದೇನೆ. ಈಗ ನೆಡಬಹುದಾ? ಗುಂಡಿ ಎಷ್ಟು ಆಳ ಬೇಕು? ಗೊತ್ತಿರುವವರು ಹೇಳಿ. ನಂಜನಗೂಡಲ್ಲಿ ಇನ್ನೇನು ನೋಡಬೇಕಿತ್ತು ಅನ್ನುವುದನ್ನೂ ಹೇಳಿ, ಇನ್ನೊಂದು ಸಲ ಹೋಗುವ ಆಸೆ ಇದೆ.

ವಾರದ ತಿರುಗಾಟ

ಒಳ್ಳೆ ಪೋಸ್ಟ್ ಮೇಡಂ. ನಾನೂ ಹೋಗಬೇಕು ಅಂತಿದ್ದೇನೆ, ಜೊತೆಗೆ ಇಬ್ಬರು ಮಕ್ಕಳು. ಕಾರಿಲ್ಲ. ಅರ್ಧ ದಿನದಲ್ಲಿ ಆಗುತ್ತಾ? ತೋಟಕ್ಕೆ ಹೇಳದೆ ಹೋದರೆ ಬಿಡುತ್ತಾರಾ?

ಕಪಿಲಾ ತೀರ

ನಮ್ಮೂರು ಅದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾರು ಬೇಕಿಲ್ಲ. ಮೈಸೂರಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೇ ಇದೆ, ಬಸ್ಸು ಆಗಾಗ ಇದೆ. ಆದರೆ ಮಕ್ಕಳಿದ್ದರೆ ಚಾಮರಾಜನಗರದ ರೈಲು ಹತ್ತಿ. ಅಶೋಕಪುರಂ, ಕಡಕೊಳ, ತಾಂಡವಪುರ ದಾಟಿ ನಂಜನಗೂಡು ಬರುವ ಮುಂಚೆ ಕಪಿಲೆ, ಅಂದರೆ ಕಬಿನಿ ಹೊಳೆ, ಸಿಗುತ್ತಾಳೆ. ಆಗ ಕಿಟಕಿ ಪಕ್ಕ ಕೂರಿಸಿ. ಈಗ ರೈಲು ಹೋಗುವುದು ಹೊಸ ಸೇತುವೆ ಮೇಲೆ. ಪಕ್ಕದಲ್ಲಿ ಕಲ್ಲಿನ ಕಮಾನುಗಳ ಹಳೇ ಸೇತುವೆ ಕಾಣುತ್ತದೆ ನೋಡಿ, ಅದು 1735ರದ್ದು. ಕಟ್ಟಿಸಿದ್ದು ದಳವಾಯಿ ದೇವರಾಜಯ್ಯ, ಕಳಲೆ ಮನೆತನದವರು. ಆ ಕಳಲೆ ಕೂಡ ಇಲ್ಲೇ ಹತ್ತಿರದ ಹಳ್ಳಿ, ಅಲ್ಲಿ ಲಕ್ಷ್ಮೀಕಾಂತ ದೇವಸ್ಥಾನ ಇದೆ. ನಾನು ಚಿಕ್ಕವನಿದ್ದಾಗ ಮೀಟರ್ ಗೇಜ್ ರೈಲು ಅದೇ ಹಳೇ ಸೇತುವೆ ಮೇಲೆ ಹೋಗುತ್ತಿತ್ತು, ಬಸ್ಸು ಎತ್ತಿನಗಾಡಿಯೂ ಅದರ ಮೇಲೇ. ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಅಷ್ಟು ಭಾರ ಹೊತ್ತಿದೆ, ಅಷ್ಟು ಪ್ರವಾಹ ನೋಡಿದೆ. ಅದರ ಮುಂದೆ ನಿಂತು ಐದು ನಿಮಿಷ ಕಳೆಯದೆ ಬರುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ದೇವಸ್ಥಾನದಲ್ಲಿ ಎಲ್ಲರೂ ಸಾಲಲ್ಲಿ ನಿಂತು, ದರ್ಶನ ಮಾಡಿ, ಹೊರಗೆ ಬಂದುಬಿಡುತ್ತಾರೆ. 385 ಅಡಿ ಉದ್ದ, 160 ಅಡಿ ಅಗಲ ಇರುವ ದೇವಸ್ಥಾನ ಅದು, 147 ಕಂಬ. ಪ್ರಾಕಾರದಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ. ಅರವತ್ತಮೂರು ಪುರಾತನರ, ಅಂದರೆ ಹಿಂದಿನ ಕಾಲದ ಶಿವಭಕ್ತರ, ವಿಗ್ರಹಗಳು ಸಾಲಾಗಿ ಇವೆ. 120 ಅಡಿ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಇನ್ನು ಪಚ್ಚೆ ಲಿಂಗದ ಕತೆ. ಕಣ್ಣು ಹೋಗಿದ್ದ ಪಟ್ಟದ ಆನೆಗೆ ಇಲ್ಲಿ ಹರಕೆ ಹೊತ್ತ ಮೇಲೆ ದೃಷ್ಟಿ ಬಂತಂತೆ, ಅದಕ್ಕೇ ಟಿಪ್ಪು ಪಚ್ಚೆ ಲಿಂಗ ಒಪ್ಪಿಸಿ ದೇವರನ್ನು ಹಕೀಮ ನಂಜುಂಡ ಅಂತ ಕರೆದನಂತೆ. ಹಕೀಮ ಅಂದರೆ ವೈದ್ಯ. ನಮ್ಮೂರಲ್ಲಿ ಈಗಲೂ ಕಾಯಿಲೆ ಬಿದ್ದವರ ಮನೆಯಲ್ಲಿ ಮೊದಲು ಬರುವ ಹೆಸರು ನಂಜುಂಡನದೇ.

ಸ್ನಾನಘಟ್ಟಕ್ಕೆ ಹೋಗಿ. ಹದಿನಾರು ಕಾಲು ಮಂಟಪ ನೋಡಿ. ಮಳೆಗಾಲದಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅದು ಮುಳುಗುತ್ತದೆ, ಆಗ ಇಡೀ ಊರು ನೋಡೋಕೆ ಬರುತ್ತದೆ. ಮಕ್ಕಳನ್ನು ನೀರಿಗೆ ಮಾತ್ರ ಬಿಡಬೇಡಿ, ಸೆಳೆತ ಜಾಸ್ತಿ. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಬನ್ನಿ. ಬೇಸಿಗೆಯ ಶುರುವಿನಲ್ಲಿ ದೊಡ್ಡ ಜಾತ್ರೆ, ಐದು ತೇರು ಒಂದರ ಹಿಂದೆ ಒಂದು ಎಳೆಯುತ್ತಾರೆ. ಆದರೆ ಆ ಜನಜಂಗುಳಿಯಲ್ಲಿ ಊರು ಕಾಣೋದಿಲ್ಲ.

ರಸಬಾಳೆಗೆ ಹೆಸರಾದ ಹಳ್ಳಿ ದೇವರಸನಹಳ್ಳಿ. ತೋಟದ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರು ಹೇಳಲಿ.

ಬಾಳೆ ಕೆಲಸ

ಅಕ್ಕ, ಮೊದಲು ಒಂದು ಮಾತು. ಆ ಕಂದನ್ನು ದಯವಿಟ್ಟು ನಿಮ್ಮ ಅಣ್ಣನವರ ತೋಟಕ್ಕೆ ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ನೆಡಬೇಡಿ ಅನ್ನಿ. ಬೈಯುತ್ತಿಲ್ಲ, ಪ್ರೀತಿಯಿಂದ ತಂದಿದ್ದೀರಿ, ಕೊಟ್ಟವರೂ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೆ ನಮ್ಮ ರಸಬಾಳೆ ಹಾಳಾಗಿದ್ದೇ ಹೀಗೆ, ಕಂದು ಒಬ್ಬರಿಂದ ಒಬ್ಬರಿಗೆ ಹೋಗಿ.

ನಾವು ನಂಜನಗೂಡು ತಾಲ್ಲೂಕಿನವರು. ನಮ್ಮ ತಾತ ಮುಕ್ಕಾಲು ಎಕರೆ ರಸಬಾಳೆ ಹಾಕುತ್ತಿದ್ದರು. ನಮ್ಮ ಅಪ್ಪನ ಕಾಲಕ್ಕೆ ಸೊರಗು ಬಂತು. ಗಿಡ ನೋಡೋಕೆ ಚೆನ್ನಾಗೇ ಇರುತ್ತದೆ. ಮೊದಲು ಕೆಳಗಿನ ಹಳೇ ಎಲೆ ಅಂಚಿನಿಂದ ಹಳದಿ ಆಗುತ್ತದೆ, ಎರಡು ಎಲೆ ಮುರಿದು ಕಾಂಡಕ್ಕೆ ಜೋತು ಬೀಳುತ್ತದೆ, ಆಮೇಲೆ ಬುಡದಲ್ಲಿ ಕಾಂಡ ಉದ್ದಕ್ಕೆ ಸೀಳುತ್ತದೆ. ಗೊನೆ ಹಾಕುವ ಹೊತ್ತಿಗೇ ಸರಿಯಾಗಿ ಹೋಗುತ್ತದೆ. ವರ್ಷ ಪೂರ್ತಿ ಗೊಬ್ಬರ ನೀರು ಕೊಟ್ಟು, ಕೋಲು ಕಟ್ಟಿ, ಕೊನೆಗೆ ಹಿಡಿ ಹಣ್ಣು ಇಲ್ಲ. ಮೊದಲನೇ ವರ್ಷ ಹತ್ತು ಗಿಡ. ಮುಂದಿನ ವರ್ಷ ಅರ್ಧ ತೋಟ. ಅಪ್ಪ ಔಷಧಿ ಹೊಡೆದರು, ಸುಣ್ಣ ಹಾಕಿದರು, ಆಚೆ ಊರಿಂದ ಹೊಸ ಕಂದು ತಂದು ನೆಟ್ಟರು. ಆ ಹೊಸ ಕಂದಿನಲ್ಲೇ ಮತ್ತೆ ರೋಗ ಬಂತು. ಕೊನೆಗೆ ಅದೇ ನೆಲಕ್ಕೆ ಪಚ್ಚಬಾಳೆ ಹಾಕಿದರು, ಅದು ಚೆನ್ನಾಗಿ ಬಂತು. ಊರಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ನಿಮಗೆ ತೋಟದಲ್ಲಿ ಒಂದಷ್ಟು ಸಾಲು ಮಾತ್ರ ಕಂಡಿದ್ದು ಇದೇ ಕಾರಣಕ್ಕೆ.

ಹುಷಾರಾಗಿ ಕಾಣುವ ಗಿಡದ ಕಂದಲ್ಲೂ ರೋಗ ಇರಬಹುದು. ಅದಕ್ಕಂಟಿದ ಹಿಡಿ ಮಣ್ಣಲ್ಲೂ ಇರಬಹುದು. ನಿಮ್ಮ ಅಣ್ಣನವರ ನೆಲ ಇಲ್ಲಿವರೆಗೆ ಶುದ್ಧವಾಗಿದ್ದರೆ ಅದನ್ನು ಹಾಗೇ ಉಳಿಸಿ.

ಮಣ್ಣು ಬೇರು

ನಾನು ಕೃಷಿ ಓದುತ್ತಿದ್ದೇನೆ. ಬಾಳೆ ಕೆಲಸ ಅಣ್ಣ ಹೇಳಿದ್ದು ಅಕ್ಷರಕ್ಷರ ನಿಜ, ಅದರ ಹಿಂದಿನ ಕಾರಣ ಮಾತ್ರ ಸೇರಿಸುತ್ತೇನೆ.

ಇದನ್ನು ಪನಾಮಾ ಸೊರಗು ರೋಗ ಅನ್ನುತ್ತಾರೆ. ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ನೀರು ಮೇಲೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಗೆಡ್ಡೆಯನ್ನು ಅಡ್ಡ ಕತ್ತರಿಸಿದರೆ ಕೆಂಪು ಕಂದು ಚುಕ್ಕಿಗಳು ಕಾಣುತ್ತವೆ. ಮಣ್ಣಲ್ಲಿ ನೀರಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಔಷಧಿ ಹೊಡೆದರೆ ತಾಗೋದಿಲ್ಲ, ಅದು ಇರುವುದು ನಾಳದ ಒಳಗೆ. ಗಿಡ ಸತ್ತ ಮೇಲೆ ಗಟ್ಟಿ ಬೀಜಕಣ ಮಾಡಿಕೊಂಡು ಮಣ್ಣಲ್ಲಿ ಹತ್ತಾರು ವರ್ಷ ಕಾಯುತ್ತದೆ. ನಿಮ್ಮ ತಾತನ ಕಾಲದ ರೋಗ ನಿಮ್ಮ ಮಗನ ಕಾಲದಲ್ಲಿ ಎದ್ದು ಬರಬಹುದು.

ಇದು ನಮ್ಮಲ್ಲಿ ಮಾತ್ರ ಆದ ಕತೆ ಅಲ್ಲ. ಅಮೆರಿಕಾ, ಯುರೋಪಿನವರು ಮೊದಲು ತಿನ್ನುತ್ತಿದ್ದ ಬಾಳೆ ಗ್ರೋ ಮಿಷೆಲ್ ಅನ್ನುವ ತಳಿ. ಇದೇ ರೋಗ ಮಧ್ಯ ಅಮೆರಿಕಾದ ಆ ತೋಟಗಳನ್ನೆಲ್ಲ ತಿಂದು ಹಾಕಿತು, 1960ರ ಹೊತ್ತಿಗೆ ಅವರು ಕ್ಯಾವೆಂಡಿಷ್‌ಗೆ ಬದಲಾಯಿಸಿಕೊಂಡರು. ನಮ್ಮ ಪಚ್ಚಬಾಳೆ ಅದೇ ಕ್ಯಾವೆಂಡಿಷ್ ಬಳಗದ್ದು. ರಸಬಾಳೆಯನ್ನು ಕೊಲ್ಲುವ ರೋಗವನ್ನು ಅದು ತಡೆದುಕೊಳ್ಳುತ್ತದೆ. ಅವರ ಊರಲ್ಲಿ ಆದದ್ದೇ ನಮ್ಮ ನಂಜನಗೂಡಲ್ಲೂ ಆಯಿತು.

ಇನ್ನೊಂದು. ಅಮ್ಮನವರು ಹೇಳಿದ "ಇದು ಅದಲ್ಲ" ಬಗ್ಗೆ. ತಮಿಳುನಾಡಿನ ರಸ್ತಾಳಿ, ಬಿಹಾರದ ಮಾಲ್‌ಭೋಗ್, ಆಂಧ್ರದ ಅಮೃತಪಾಣಿ ಎಲ್ಲಾ ರಸಬಾಳೆಯ ಬಳಗದವೇ. ಮಾರುಕಟ್ಟೆಯಲ್ಲಿ ರಸ್ತಾಳಿ ಕೊಟ್ಟು ನಂಜನಗೂಡು ಅಂದರೆ ಜಾತಿ ಸುಳ್ಳಲ್ಲ, ಊರು ಸುಳ್ಳು. ನಂಜನಗೂಡು ಸುತ್ತಲಿನ ಕಪ್ಪು ಮೆಕ್ಕಲು ಮಣ್ಣು, ಅದರಲ್ಲಿರುವ ಚೌಳು, ಇವೇ ಈ ಹಣ್ಣಿನ ರುಚಿಗೆ ಕಾರಣ ಅನ್ನುತ್ತಾರೆ. 2005-06ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು ಇದರ ಮೇಲೇ. ಆದರೆ ತುದಿ ಹಿಡಿದು ಎತ್ತಿದಾಗ ಚಿಪ್ಪು ಪೂರ್ತಿ ಮೇಲೆ ಬಂತು ಅಂದರೆ ಅದು ರಸ್ತಾಳಿಯೂ ಅಲ್ಲ, ಅಥವಾ ಇನ್ನೂ ಹಣ್ಣಾಗಿರಲಿಲ್ಲ.

ಚಾಮುಂಡಿಪುರಂ ಮಗಳು

ಓದಿ ಕೈ ಕಾಲು ತಣ್ಣಗಾಯಿತು. ಅಣ್ಣನಿಗೆ ತಕ್ಷಣ ಫೋನ್ ಮಾಡಿದೆ. ಪುಣ್ಯಕ್ಕೆ ಕಂದು ಇನ್ನೂ ನಮ್ಮ ಮನೆಯಲ್ಲೇ ಇದೆ, ಗುಂಡಿ ಮಾತ್ರ ತೆಗೆಸಿಟ್ಟಿದ್ದಾನೆ. ಅವನ ತೋಟದ ಪಕ್ಕ ಬೇರೆಯವರ ಏಲಕ್ಕಿ ಬಾಳೆಯೂ ಇದೆ.

ಒಂದು ವಿಷಯ ಕಾಡುತ್ತಿದೆ. ನಾವು ಆ ತೋಟಕ್ಕೆ ಹೋಗುವ ಮುಂಚೆ ದಾರಿಯಲ್ಲಿ ಇನ್ನೊಂದು ಬಾಳೆ ತೋಟದೊಳಗೆ ನಡೆದು ಹೋಗಿದ್ದೆವು. ಅಲ್ಲಿ ಕೆಲವು ಗಿಡ ಬಾಡಿ ಎಲೆ ಜೋತು ಬಿದ್ದಿದ್ದವು. ಮಳೆ ಬಂದಿತ್ತು, ಚಪ್ಪಲಿಗೆಲ್ಲ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ಅದೇ ಚಪ್ಪಲಿಯಲ್ಲಿ ರಸಬಾಳೆ ಸಾಲಿನ ನಡುವೆ ಓಡಾಡಿದ್ದೇವೆ. ನಾನು ಅವರ ತೋಟಕ್ಕೆ ಕೆಡುಕು ಮಾಡಿಬಿಟ್ಟೆನಾ?

ಬಾಳೆ ಕೆಲಸ

ಅಕ್ಕ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾಲೆ ನೀರಲ್ಲೂ ರೋಗ ಬರುತ್ತದೆ, ಕಪಿಲೆ ಉಕ್ಕಿದಾಗ ಒಬ್ಬರ ಮಣ್ಣು ಇನ್ನೊಬ್ಬರ ಹೊಲಕ್ಕೆ ಬರುತ್ತದೆ, ಬಾಡಿಗೆ ಟ್ರ್ಯಾಕ್ಟರ್ ಹತ್ತು ತೋಟ ಉತ್ತು ನಮ್ಮ ತೋಟಕ್ಕೆ ಬರುತ್ತದೆ. ಆದರೆ ಚಪ್ಪಲಿಯಲ್ಲೂ ಬರುತ್ತದೆ ಅನ್ನುವುದು ನಿಜ. ಯಜಮಾನರಿಗೆ ಒಂದು ಫೋನ್ ಮಾಡಿ ಇದನ್ನೇ ಹೇಳಿಬಿಡಿ. ನೀವು ಓಡಾಡಿದ ಜಾಗದಲ್ಲಿ ಅವರು ಕಣ್ಣಿಟ್ಟಿರುತ್ತಾರೆ.

ಮೇಲೆ ಒಬ್ಬರು ಕೇಳಿದ್ದರಲ್ಲ, ಹೇಳದೆ ಹೋದರೆ ಬಿಡುತ್ತಾರಾ ಅಂತ. ಬಿಡುತ್ತಾರೆ ಸರ್. ನಮ್ಮ ಕಡೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಅಭ್ಯಾಸ ಇಲ್ಲ, ಕರೆದು ಎಳನೀರು ಕೊಟ್ಟೇ ಕಳಿಸುತ್ತಾರೆ. ಅದಕ್ಕೇ ಬರುವವರೇ ಯೋಚನೆ ಮಾಡಬೇಕು. ಮೊದಲೇ ಫೋನ್ ಮಾಡಿ. ಒಂದು ದಿನಕ್ಕೆ ಒಂದೇ ತೋಟ ನೋಡಿ. ಎರಡು ನೋಡಲೇಬೇಕು ಅಂದರೆ ಮೊದಲು ರಸಬಾಳೆಗೆ ಹೋಗಿ, ರೋಗ ಇರುವ ಕಡೆ ಆಮೇಲೆ. ಒಳಗೆ ಹೋಗುವ ಮುಂಚೆ ಮೋಟಾರಿನ ನೀರಲ್ಲಿ ಚಪ್ಪಲಿ ಉಜ್ಜಿ ತೊಳೆಯಿರಿ, ಬರುವಾಗಲೂ ತೊಳೆಯಿರಿ. ಬೈಕನ್ನು ಬದು ಮೇಲೆ ತರಬೇಡಿ. ನಿಮ್ಮ ಚಾಕು ಕತ್ತಿ ಗಿಡಕ್ಕೆ ತಾಗಿಸಬೇಡಿ. ಕಂದು ಕೇಳಬೇಡಿ. ನೀವು ಕೇಳಿದರೆ ಇಲ್ಲ ಅನ್ನೋಕೆ ನಮಗೆ ಬಾಯಿ ಬರೋದಿಲ್ಲ.

ನಾನು ಈಗ ನಾಲ್ಕು ವರ್ಷದಿಂದ ಮತ್ತೆ ಸ್ವಲ್ಪ ರಸಬಾಳೆ ಹಾಕುತ್ತಿದ್ದೇನೆ. ಅಂಗಾಂಶ ಕೃಷಿ ಗಿಡ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ್ದು. ಬಾಳೆ ಹಾಕದೇ ಇದ್ದ ನೆಲ ನೋಡಿ, ಅದರಲ್ಲೂ ಮೊದಲು ಎರಡು ಬೆಳೆ ಭತ್ತ ಬೆಳೆದು ನೀರು ನಿಲ್ಲಿಸಿ, ಆಮೇಲೆ ನೆಟ್ಟೆ. ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆ ಶಿಲೀಂಧ್ರ, ಕಲಸಿ ಹಾಕುತ್ತೇನೆ. ಒಂದು ಗಿಡ ಬಾಡಿದರೆ ಅಲ್ಲೇ ಸುಟ್ಟು ಆ ಗುಂಡಿಗೆ ಸುಣ್ಣ ತುಂಬುತ್ತೇನೆ. ಹೋದ ಸಲ ಇಪ್ಪತ್ತು ಗಿಡ ಸುಟ್ಟೆ. ಉಳಿದವು ಗೊನೆ ಕೊಟ್ಟವು.

ನೇರ ಮಾತು

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಮುಟ್ಟಬೇಡಿ, ಕೇಳಬೇಡಿ, ತರಬೇಡಿ ಅಂತಾದರೆ ಜನಕ್ಕೆ ಈ ಹಣ್ಣಿನ ಮೇಲೆ ಆಸೆ ಹೇಗೆ ಬರುತ್ತದೆ? ನಮ್ಮ ಅಜ್ಜಿ ಕಂದು ಹಂಚಿಯೇ ಊರೆಲ್ಲ ಬಾಳೆ ಮಾಡಿದ್ದು. ಲ್ಯಾಬಿನ ಗಿಡದ ಹಣ್ಣಿಗೆ ಆ ರುಚಿ ಇರುತ್ತಾ?

ಮಣ್ಣು ಬೇರು

ಇರುತ್ತದೆ ಸರ್. ಅಂಗಾಂಶ ಕೃಷಿ ಅಂದರೆ ತಳಿ ಬದಲಾಯಿಸುವುದಲ್ಲ. ಒಳ್ಳೆ ತಾಯಿ ಗಿಡದ ಸಣ್ಣ ಚೂರು ತೆಗೆದು ಬಾಟಲಿಯಲ್ಲಿ ಬೆಳೆಸುತ್ತಾರೆ, ಅದೂ ಅದೇ ಗಿಡದ ಕಂದೇ, ಮಣ್ಣು ಮುಟ್ಟದೆ ಬೆಳೆದ ಕಂದು. ಆದರೆ ಅದಕ್ಕೆ ರೋಗ ತಡೆಯುವ ಶಕ್ತಿ ಏನೂ ಬಂದಿರೋದಿಲ್ಲ. ರೋಗ ಇರುವ ಮಣ್ಣಿಗೆ ನೆಟ್ಟರೆ ಅದೂ ಸಾಯುತ್ತದೆ. ಇದನ್ನು ಹೇಳದೆ ಗಿಡ ಮಾರಿದ್ದಕ್ಕೇ ಎಷ್ಟೋ ರೈತರು ಎರಡನೇ ಸಲ ದುಡ್ಡು ಕಳೆದುಕೊಂಡರು. ನಿಮ್ಮ ಅಜ್ಜಿ ಹಂಚಿದಾಗ ಮಣ್ಣಲ್ಲಿ ಈ ರೋಗ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ತಾಲ್ಲೂಕಿನವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ನೆಡುವ ಮುಂಚೆ ಅಲ್ಲಿಯೋ ತೋಟಗಾರಿಕೆ ಇಲಾಖೆಯಲ್ಲಿಯೋ ಕೇಳಿ.

ಬಾಳೆ ಕೆಲಸ

ನೇರ ಮಾತು ಸರ್, ಆಸೆ ಬರಲಿ ಅಂತಲೇ ಹೇಳುತ್ತಿರುವುದು. ಬನ್ನಿ, ನೋಡಿ, ತಿನ್ನಿ. ತಿಂದದ್ದನ್ನು ದುಡ್ಡು ಕೊಟ್ಟು ತೆಗೆದುಕೊಳ್ಳಿ. ಇಡೀ ಗೊನೆ ಕೊಳ್ಳಿ, ಮನೆಯಲ್ಲಿ ನೇತು ಹಾಕಿ. ಅಂಗಡಿಯವರಿಗೆ ಈ ಹಣ್ಣು ಇಷ್ಟ ಇಲ್ಲ, ಯಾಕೆಂದರೆ ಸಿಪ್ಪೆ ತೆಳು, ಬೇಗ ಸೀಳುತ್ತದೆ, ಹಣ್ಣಾದರೆ ಚಿಪ್ಪಿನಿಂದ ಉದುರುತ್ತದೆ, ದೂರ ಸಾಗಿಸೋಕೆ ಆಗೋದಿಲ್ಲ. ನಿಮ್ಮಂಥವರು ತೋಟಕ್ಕೇ ಬಂದು ಗೊನೆ ಕೊಂಡರೆ ನಾನು ಮುಂದಿನ ವರ್ಷ ಇನ್ನೊಂದು ಸಾಲು ಹಾಕುತ್ತೇನೆ. ಒಬ್ಬ ರೈತನಿಗೆ ಇನ್ನೇನು ಬೇಕು ಹೇಳಿ.

ಗಂಜಾಂ ಹುಡುಗ

ಇದನ್ನು ಓದುತ್ತಾ ನಮ್ಮೂರು ನೆನಪಾಯಿತು. ಶ್ರೀರಂಗಪಟ್ಟಣದ ಗಂಜಾಂ. ನಿಮಿಷಾಂಬ ದೇವಸ್ಥಾನಕ್ಕೆ, ಗುಂಬಜ್‌ಗೆ ದಿನಾ ಬಸ್ಸುಗಟ್ಟಲೆ ಜನ ಬರುತ್ತಾರೆ. ಗಂಜಾಂ ಅಂಜೂರ ಅಂತ ಒಂದು ಹಣ್ಣಿಗೆ ಹೆಸರಿತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ನಮ್ಮ ಮನೆ ಹಿತ್ತಲಲ್ಲಿ ಎರಡು ಗಿಡ ಇತ್ತು. ಅಕ್ಕಪಕ್ಕದ ಹಿತ್ತಲುಗಳಲ್ಲೂ ಇತ್ತು. ಈಗ ನಮ್ಮ ಬೀದಿಯಲ್ಲಿ ಒಂದೂ ಇಲ್ಲ, ಆ ಜಾಗದಲ್ಲಿ ಮನೆಗಳು ಬಂದಿವೆ. ರಸಬಾಳೆಗೆ ಕೊನೇ ಪಕ್ಷ ಸುಟ್ಟು ಸುಣ್ಣ ಹಾಕಿ ಮತ್ತೆ ನೆಡುವವರು ಇದ್ದಾರೆ. ಬಾಳೆ ಕೆಲಸ ಅಣ್ಣ, ನಿಮ್ಮ ತೋಟಕ್ಕೆ ನಾನು ಬರುತ್ತೇನೆ, ಚಪ್ಪಲಿ ತೊಳೆದುಕೊಂಡೇ.

ಒಗ್ಗರಣೆ

ರಸಾಯನಕ್ಕೆ ಒಂದು ಮಾತು. ಹಳದಿ ಸಿಪ್ಪೆ ಮೇಲೆ ಕಪ್ಪು ಚುಕ್ಕಿ ಬೀಳುವ ತನಕ ಕಾಯಿರಿ. ಅವಸರ ಮಾಡಿದರೆ ನಡುವೆ ಗಂಟು ಗಂಟಾಗಿ ಗಟ್ಟಿ ಸಿಗುತ್ತದೆ. ಕೈಯಲ್ಲಿ ಕಿವುಚಬೇಡಿ, ಬಿಲ್ಲೆ ಹೆಚ್ಚಿ. ಬೆಲ್ಲದ ಪುಡಿ, ತೆಂಗಿನತುರಿ, ಏಲಕ್ಕಿ, ಒಂದು ಚಮಚ ತುಪ್ಪ. ನೀರು ಸೋಕಿಸಬೇಡಿ, ಹಣ್ಣೇ ಬಿಟ್ಟುಕೊಳ್ಳುತ್ತದೆ.

ವಾರದ ತಿರುಗಾಟ

ನಿನ್ನೆ ಹೋಗಿ ಬಂದೆವು. ರೈಲಲ್ಲಿ. ಮಗ ಹಳೇ ಸೇತುವೆಯ ಕಮಾನು ಎಣಿಸೋಕೆ ಶುರು ಮಾಡಿದ, ರೈಲು ಮುಂದೆ ಹೋಯಿತು, ವಾಪಸ್ ಬರುವಾಗ ಮತ್ತೆ ಎಣಿಸಿದ, ಎರಡು ಸಲಕ್ಕೂ ಲೆಕ್ಕ ಬೇರೆ ಬೇರೆ ಬಂತು. ಇನ್ನೊಂದು ಸಲ ಹೋಗಲೇಬೇಕಂತೆ. ತೋಟಕ್ಕೆ ಹೋಗಲಿಲ್ಲ. ಯಾರಿಗೂ ಮೊದಲೇ ಹೇಳಿರಲಿಲ್ಲ, ಮಣ್ಣೂ ಹಸಿಯಾಗಿತ್ತು. ಕಪಿಲಾ ತೀರ ಸರ್, ಪುರಾತನರ ಸಾಲು ನೋಡಿದೆವು, ಥ್ಯಾಂಕ್ಸ್.

ಚಾಮುಂಡಿಪುರಂ ಮಗಳು

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಒಂದು ಕಂದನ್ನು ಅಡ್ಡಕ್ಕೆ ಕತ್ತರಿಸಿ ನೋಡಿದೆ. ಬೆಳ್ಳಗೇ ಇತ್ತು, ಚುಕ್ಕಿ ಕಾಣಲಿಲ್ಲ. ಆದರೂ ಕಾಣದೇ ಇರಬಹುದು ಅಂತ ನೀವೇ ಹೇಳಿದ್ದೀರಿ ಅಲ್ವಾ. ಅದನ್ನು ಒಣಗಿಸಿ ಸುಟ್ಟೆ. ಇನ್ನೊಂದನ್ನು ಸುಡೋಕೆ ಅಮ್ಮ ಬಿಡಲಿಲ್ಲ. ತಾರಸಿ ಮೇಲೆ ಒಂದು ದೊಡ್ಡ ಹಳೇ ಡ್ರಮ್ಮಿನಲ್ಲಿ ನೆಟ್ಟಿದ್ದೇವೆ, ಕೆಳಗೆ ತಟ್ಟೆ ಇಟ್ಟಿದ್ದೇವೆ, ನೀರು ಮಣ್ಣು ಎಲ್ಲಿಗೂ ಹರಿಯೋದಿಲ್ಲ. ಅದು ಬಾಡಿದರೆ ಅದೂ ಬೆಂಕಿಗೇ ಅಂತ ಅಮ್ಮನ ಕೈಲಿ ಮಾತು ತೆಗೆದುಕೊಂಡಿದ್ದೇನೆ. ಅಣ್ಣ ತೆಗೆಸಿದ್ದ ಗುಂಡಿಗೆ ಸದ್ಯಕ್ಕೆ ನುಗ್ಗೆ ಹಾಕಿದ್ದಾನೆ.

ಆ ತೋಟದ ಯಜಮಾನರಿಗೂ ಫೋನ್ ಮಾಡಿದೆ. ಚಪ್ಪಲಿ ವಿಷಯ ಹೇಳುವಾಗ ನಾಲಿಗೆ ತೊದಲಿತು. ಅವರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಹೇಳಿದ್ದು ಒಳ್ಳೇದಾಯ್ತು ಕನವ್ವ, ಆ ಸಾಲಿಗೆ ಬೇರೆ ಗುದ್ದಲಿ ಇಟ್ಕತೀನಿ" ಅಂದರು. ನಾನೇ ಒಂದು ಇಡೀ ಗೊನೆಗೆ ಹೇಳಿದೆ, ಮುಂಗಡವನ್ನೂ ಕಳಿಸಿದೆ. ಬಲಿಯೋಕೆ ಇನ್ನೂ ಒಂದೂವರೆ ತಿಂಗಳು ಬೇಕಂತೆ.

ಅಮ್ಮ ಆಗಲೇ ನಡುಮನೆಯ ಕಿಟಕಿ ಪಕ್ಕ ಒಂದು ಕೊಕ್ಕೆ ಹೊಡೆಸಿದ್ದಾರೆ.